ಅತ್ತಿಗೆ ತುಂಬಿಟ್ಟು ಹೋದ ಉಗ್ರಾಣ

ಅತ್ತಿಗೆ ಇನ್ನೊಂದು ಮದುವೆಯಾದದ್ದಕ್ಕೆ ನನಗೆ ಸಿಟ್ಟಿಲ್ಲ. ಆ ಸುದ್ದಿ ನನಗಿಂತ ಮೊದಲು ಎದುರು ಅಂಗಡಿಯ ಬೀಗದವನಿಗೆ ಗೊತ್ತಾಯಿತಲ್ಲ, ಸಿಟ್ಟಿರುವುದು ಅದಕ್ಕೆ. ಇವತ್ತಿಗೂ ಇದೆ. ಯಾರಾದರೂ ಸಮಾಧಾನ ಮಾಡಲು ಬಂದರೆ ಇನ್ನಷ್ಟು ಏರುತ್ತದೆ.

ಅವತ್ತು ನಾನು ಏಣಿಯ ಮೇಲೆ ನಿಂತು ಔಷಧಿ ಅಂಗಡಿಯ ಬೋರ್ಡಿಗೆ ಮೊಳೆ ಹೊಡೆಯುತ್ತಿದ್ದೆ. ಬೀಗದವನು ಕೆಳಗೆ ಬಂದು ನಿಂತ.

"ಏನ್ರೀ, ಅತ್ತಿಗೆಯವ್ರ ಮದ್ವೆಯಂತೆ. ನಮ್ಗೆಲ್ಲ ಊಟ ಹಾಕ್ಸಲ್ವಾ?"

"ಯಾರ ಅತ್ತಿಗೆ?"

"ನಿಮ್ಮತ್ತಿಗೇನೇ. ನಿಮ್ಮ ಅಂಗಡಿ ಬೀಗಕ್ಕೆ ಇನ್ನೊಂದು ಕೀ ಮಾಡ್ಸಿದ್ರು. ನಾನಿನ್ನು ದಿನಾ ಬರೋಕಾಗಲ್ಲ, ಮೈದುನನ ಕೈಯಲ್ಲೊಂದು ಇರ್ಲಿ ಅಂದ್ರು. ಯಾಕಮ್ಮಾ ಅಂತ ಕೇಳ್ದೆ, ಹೇಳಿದ್ರು."

ಸುತ್ತಿಗೆ ನನ್ನ ಕೈಯಿಂದ ಜಾರಿ ಅವನ ಕಾಲಿನ ಪಕ್ಕದಲ್ಲೇ ಬಿತ್ತು. ಬೇಕೆಂದು ಬೀಳಿಸಿದ್ದಲ್ಲ. ಆದರೆ ಕಾಲಿನ ಮೇಲೆಯೇ ಬಿದ್ದಿದ್ದರೂ ನಾನು ಅಳುತ್ತಿರಲಿಲ್ಲ.

ಆ ಕೀಲಿಯ ಮಾತು ನನ್ನನ್ನು ಹೆಚ್ಚು ಚುಚ್ಚಿತು. ನಮ್ಮ ಸ್ಟಿಕರ್ ಅಂಗಡಿಯನ್ನು ಬೆಳಿಗ್ಗೆ ತೆರೆಯುತ್ತಿದ್ದವರು ಅತ್ತಿಗೆ, ಸಂಜೆ ಮುಚ್ಚುತ್ತಿದ್ದವರೂ ಅತ್ತಿಗೆ. ನಾನು ಬಂದಾಗ ಬಾಗಿಲು ತೆರೆದೇ ಇರುತ್ತಿತ್ತು. ನನಗೊಂದು ಕೀಲಿ ಬೇಕಾಗಬಹುದು ಎಂದು ನನ್ನ ಜೀವಮಾನದಲ್ಲಿ ನಾನು ಯೋಚಿಸಿರಲಿಲ್ಲ.

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ಅವರು ನಮ್ಮ ಮನೆಗೆ ಬಂದಾಗ ನಮ್ಮಮ್ಮ ತೀರಿಕೊಂಡು ಬಹಳ ದಿನವಾಗಿತ್ತು. ನಾನು ಶಾಲೆ ಬಿಟ್ಟು ಅಣ್ಣನ ಬಣ್ಣದ ಡಬ್ಬಿ ಹೊರುತ್ತಾ, ಅವನ ಕೈ ನೋಡಿ ಅಕ್ಷರ ಬರೆಯಲು ಕಲಿಯುತ್ತಿದ್ದೆ. ಅಣ್ಣ ಕೈಯಲ್ಲಿ ಬೋರ್ಡು ಬರೆಯುತ್ತಿದ್ದ. ಪೇಟೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದರೆ ಅಣ್ಣನ ಅಕ್ಷರಗಳೇ ತಲೆಯ ಮೇಲಿಂದ ನೋಡುತ್ತಿದ್ದವು. ಹೊಟ್ಟೆ ತುಂಬಿದ ಗುಂಡು ಅಕ್ಷರ, ತುದಿಯಲ್ಲಿ ಸ್ವಲ್ಪ ಎತ್ತಿದ ಬಾಲ. ಅಣ್ಣ ಅಂಚು ಎಳೆದರೆ ಅತ್ತಿಗೆ ಒಳಗೆ ಬಣ್ಣ ತುಂಬುತ್ತಿದ್ದರು. ಮದುವೆಗೆ ಮುಂಚೆ ಒಂದು ಆಫೀಸಿನಲ್ಲಿ ಟೈಪಿಂಗ್ ಕೆಲಸ ಮಾಡಿದ್ದವರು, ಬೆರಳು ಒಂದಿಷ್ಟೂ ಅಲುಗುತ್ತಿರಲಿಲ್ಲ.

ಅವರು ಬಂದ ಹೊಸದರಲ್ಲೇ ನಾನು ಏನೋ ಸಿಟ್ಟಿಗೆ ಊಟದ ತಟ್ಟೆ ನೂಕಿ ಎದ್ದು ಹೋಗಿದ್ದೆ. ಅತ್ತಿಗೆ ತಟ್ಟೆಯನ್ನು ಮುಚ್ಚಿಟ್ಟು, "ಕೆಂಡಪ್ಪನವ್ರು ಸ್ವಲ್ಪ ಬೂದಿಯಾದ ಮೇಲೆ ಬರ್ತಾರೆ, ಆವಾಗ ಬಡಿಸೋಣ" ಎಂದರಂತೆ. ಆ ಹೆಸರು ಅಂಟಿಕೊಂಡಿತು. ಬೇರೆ ಯಾರಾದರೂ ಹಾಗೆ ಕರೆದರೆ ಕಪಾಳಕ್ಕೆ ಬಿಡುತ್ತಿದ್ದೆ. ಅತ್ತಿಗೆ ಕರೆದರೆ ಹಸಿವಾಗುತ್ತಿತ್ತು.

ಅಣ್ಣ ಶ್ವಾಸಕೋಶದ ಕಾಯಿಲೆಯಲ್ಲಿ ಹೋದ. ಅಷ್ಟು ಹೊತ್ತಿಗೆ ಜನ ಕೈಬರಹದ ಬೋರ್ಡು ಕೇಳುವುದು ನಿಂತು, ಸ್ಟಿಕರ್ ಅಂಟಿಸುವ ಕಾಲ ಬಂದಿತ್ತು. ಅತ್ತಿಗೆ ಎಲ್ಲೋ ವಿಚಾರಿಸಿ ಸ್ಟಿಕರ್ ಹಾಳೆಯಲ್ಲಿ ಅಕ್ಷರ ಕತ್ತರಿಸುವ ಹಳೆಯ ಕಟರ್ ಯಂತ್ರವೊಂದನ್ನು ತರಿಸಿದರು. ಅದನ್ನು ನಡೆಸಲು ಒಂದು ಶಾಲೆಯವರು ಮೂಲೆಗೆ ಎಸೆದಿದ್ದ ಕಂಪ್ಯೂಟರ್ ಬಂತು. ತಂದ ವಾರದಲ್ಲೇ ಅದರ ಡಿಸ್ಕು ಸತ್ತಿತು. ರಿಪೇರಿಯವನು ಕೈಯಾಡಿಸಿ, ಗುಜರಿಗೆ ಹಾಕಿ ಎಂದ. ಅತ್ತಿಗೆ ಗುಜರಿಗೆ ಹಾಕಲಿಲ್ಲ. ಸಿಕ್ಕ ಸಿಕ್ಕವರನ್ನು ಕೇಳಿ, ಓದಿ, ಒಂದು ಮಧ್ಯಾಹ್ನ ಬೆರಳಿನಷ್ಟು ಉದ್ದದ ಪೆನ್‌ಡ್ರೈವ್ ಹಿಡಿದುಕೊಂಡು ಬಂದರು.

"ಇದೇ ನೋಡು ಆಪರೇಟಿಂಗ್ ಸಿಸ್ಟಮ್ಮು," ಎಂದರು. "ಹಗುರ ಅಂದ್ರೆ ಹಗುರ. ಡಿಸ್ಕೇ ಬೇಡ ಇದಕ್ಕೆ. ಸ್ವಿಚ್ ಹಾಕಿದ ತಕ್ಷಣ ಪೂರ್ತಿ ಎದ್ದು ಮೆಮೊರಿಯಲ್ಲಿ ಹೋಗಿ ಕೂತ್ಕೊಳ್ಳುತ್ತೆ."

"ಕರೆಂಟ್ ಹೋದ್ರೆ?"

"ಎಲ್ಲಾ ಮರೆತುಬಿಡುತ್ತೆ. ಇದನ್ನ ಉಳಿಸ್ಕೋ ಅಂತ ಮೊದ್ಲೇ ಹೇಳಿದ್ದನ್ನ ಮಾತ್ರ ಮರೆಯಲ್ಲ."

ನನ್ನ ಹೆಂಡತಿ ಪಕ್ಕದಲ್ಲಿ ಸ್ಟಿಕರಿನ ಚೂರು ಕೀಳುತ್ತಾ ಕೂತಿದ್ದಳು. "ನಮ್ಮನೆಯವ್ರಿಗಿಂತ ವಾಸಿ ಬಿಡಕ್ಕ," ಎಂದಳು. "ಇವ್ರು ಮೊದ್ಲೇ ಹೇಳಿದ್ರೂ ಮರೀತಾರೆ."

ಆ ಪೆನ್‌ಡ್ರೈವಿನಲ್ಲಿ ಬಂದದ್ದು ಬರೀ ಎಲುಬಿನ ಗೂಡು. ಅಕ್ಷರ ಬಿಡಿಸುವ ಪ್ರೋಗ್ರಾಮು, ಕಟರ್‌ಗೆ ಮಾತು ಮುಟ್ಟಿಸುವ ಪ್ರೋಗ್ರಾಮು ಎಲ್ಲವನ್ನೂ ಇಂಟರ್‌ನೆಟ್ಟಿನಿಂದ ಕಟ್ಟು ಕಟ್ಟಾಗಿ ಇಳಿಸಿಕೊಳ್ಳಬೇಕು. ಆ ಕಟ್ಟಿಗೇ ಪ್ಯಾಕೇಜು ಅನ್ನುತ್ತಾರೆ. ಅತ್ತಿಗೆ ಇಳಿಸಿದರು. ಕಟರ್ ಗುರ್ ಎಂದು ತಲೆ ಅಲ್ಲಾಡಿಸಿ ಮೊದಲ ಅಕ್ಷರ ಕತ್ತರಿಸಿದಾಗ ಅತ್ತಿಗೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗಿಲ್ಲ," ಎಂದರು. "ನಿಮ್ಮಣ್ಣ ನೋಡಿದ್ರೆ ನಗ್ತಿದ್ರು."

ಆಮೇಲೆ ಅವರು ಮಾಡಿದ ಕೆಲಸವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಭಾನುವಾರ ಬಂತೆಂದರೆ ನನ್ನ ಹೆಗಲಿಗೆ ಏಣಿ ಹೊರಿಸಿ ಪೇಟೆ ಸುತ್ತಿಸಿದರು. ಅಣ್ಣ ಬರೆದ ಬೋರ್ಡು ಎಲ್ಲಿ ಇನ್ನೂ ಉಳಿದಿದೆಯೋ ಅಲ್ಲೆಲ್ಲ ಹತ್ತಿ, ತೆಳು ಕಾಗದ ಇಟ್ಟು, ಒಂದೊಂದೇ ಅಕ್ಷರವನ್ನು ಪೆನ್ಸಿಲಿನಲ್ಲಿ ತೆಗೆದುಕೊಂಡರು. ಹಿಟ್ಟಿನ ಗಿರಣಿಯ ಮೇಲೆ ಒಂದು, ಸೈಕಲ್ ಅಂಗಡಿಯ ಗೋಡೆಯಲ್ಲಿ ಒಂದು, ಹಲ್ಲಿನ ಡಾಕ್ಟರ ಮೆಟ್ಟಿಲ ಕೆಳಗೆ ಅರ್ಧ ಅಳಿಸಿದ್ದು ಒಂದು. ನಾನು ಕೆಳಗೆ ಏಣಿ ಹಿಡಿದು ನಿಲ್ಲುತ್ತಿದ್ದೆ. "ಅಲ್ಲಾಡಿಸ್ಬೇಡ್ವೋ, ನಿಮ್ಮಣ್ಣನ ಬಾಲ ಸೊಟ್ಟಗಾಗುತ್ತೆ," ಎಂದು ಮೇಲಿಂದ ಬೈಯುತ್ತಿದ್ದರು. ಆ ಅಕ್ಷರಗಳನ್ನೆಲ್ಲ ಕಂಪ್ಯೂಟರಿಗೆ ಸೇರಿಸಿದ ಮೇಲೆ ನಮ್ಮ ಕಟರ್ ಅಣ್ಣನ ಕೈಯಲ್ಲೇ ಬರೆಯತೊಡಗಿತು. ಬೇರೆ ಅಂಗಡಿಯವರು ಎಲ್ಲಿ ಸಿಕ್ಕಿತು ಈ ಅಕ್ಷರ ಎಂದು ಕೇಳಿದರೆ ಅತ್ತಿಗೆ ನಗುತ್ತಿದ್ದರು, ನಾನು ಬಾಗಿಲು ತೋರಿಸುತ್ತಿದ್ದೆ.

ನಮ್ಮ ಬೀದಿಯಲ್ಲಿ ನೆಟ್ಟಿನ ತಂತಿ ಪಕ್ಕದ ಕಟ್ಟಡದ ತಾರಸಿಯಿಂದ ಜೋತುಬಿದ್ದು ಬರುತ್ತದೆ. ಗಾಳಿ ಬೀಸಿದರೆ ಇಲ್ಲ, ಕಾಗೆ ಕೂತರೆ ಇಲ್ಲ. ಅದಕ್ಕೇ ಅತ್ತಿಗೆ ಎರಡನೆಯ ಪೆನ್‌ಡ್ರೈವೊಂದನ್ನು ಚುಚ್ಚಿ, ಇನ್ನು ಮುಂದೆ ಇಳಿಸಿಕೊಳ್ಳುವ ಪ್ಯಾಕೇಜುಗಳೆಲ್ಲ ಅದರಲ್ಲಿ ಒಂದೊಂದು ಪ್ರತಿ ಉಳಿಯುವ ಹಾಗೆ ಮಾಡಿದರು. ಕಂಪ್ಯೂಟರಿನವರು ಅದಕ್ಕೆ ಬೇರೇನೋ ಹೆಸರು ಹೇಳುತ್ತಾರೆ. ಅತ್ತಿಗೆ ಉಗ್ರಾಣ ಎಂದರು. ಮನೆಯಲ್ಲಿ ಸಾಮಾನು ತುಂಬಿಟ್ಟುಕೊಂಡರೆ ಪ್ರತಿ ಸಲ ಅಂಗಡಿಗೆ ಓಡಬೇಕಾಗಿಲ್ಲವಲ್ಲ, ಹಾಗೆ. ಶನಿವಾರ ಸಂಜೆ ಅವರು ಅಪ್‌ಗ್ರೇಡಿಗೆ ಕೂರುತ್ತಿದ್ದರು. ಹೊಸದು ಬಂದ ಪ್ಯಾಕೇಜುಗಳನ್ನು ತರಿಸಿಕೊಂಡು, ಹಳತನ್ನು ಉಗ್ರಾಣದಿಂದ ಗುಡಿಸಿ, ಕೊನೆಗೆ ಉಳಿಸಿಕೋ ಎಂದು ಒಂದು ಸಾಲು ಬರೆದು ಎದ್ದೇಳುತ್ತಿದ್ದರು.

"ಇರೋದೇ ಚೆನ್ನಾಗಿದೆಯಲ್ಲ ಅತ್ತಿಗೆ. ಯಾಕೆ ಕೆದಕ್ತೀರ?" ಎಂದು ಒಮ್ಮೆ ಕೇಳಿದ್ದೆ.

"ಚೆನ್ನಾಗಿರೋವಾಗ ಬದ್ಲಾಯಿಸಿದ್ರೆ ಸುಲಭ ಕೆಂಡಪ್ಪ. ಕೆಟ್ಟ ಮೇಲೆ ಕೂತ್ರೆ ಇಡೀ ದಿನ ತಿನ್ನುತ್ತೆ."

ಕಂಪ್ಯೂಟರನ್ನು ನಾವು ಆರಿಸುತ್ತಲೇ ಇರಲಿಲ್ಲ. ಬ್ಯಾಟರಿಯ ಡಬ್ಬಿಯೊಂದು ಇತ್ತು, ಕರೆಂಟ್ ಹೋದರೂ ಅದು ಎತ್ತಿ ಹಿಡಿಯುತ್ತಿತ್ತು. ಸಂಜೆ ಪರದೆಯನ್ನಷ್ಟೇ ಆರಿಸಿ ಬಾಗಿಲು ಹಾಕುತ್ತಿದ್ದೆವು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದು ಮುಂದೆ ಗೊತ್ತಾಗುತ್ತದೆ.

ಅಷ್ಟರಲ್ಲಿ ಆ ಗಡಿಯಾರದವನು ಬಂದ. ಬಸ್ಸಿನಲ್ಲಿ ಅರ್ಧ ದಿನ ದೂರದ ಇನ್ನೊಂದು ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವವನು. ಮೆತ್ತಗಿನ ಮನುಷ್ಯ, ಚಪ್ಪಲಿ ಕೂಡ ಸದ್ದಾಗದ ಹಾಗೆ ಬಿಡುತ್ತಿದ್ದ. ತನ್ನ ಅಂಗಡಿಗೆ ಬೋರ್ಡು ಬೇಕೆಂದ. ಅಣ್ಣನ ಅಕ್ಷರ ಎಲ್ಲೋ ನೋಡಿ ಹುಡುಕಿಕೊಂಡು ಬಂದಿದ್ದನಂತೆ. ಕತ್ತರಿಸಿ ಕೊಟ್ಟೆವು. ಮುಂದಿನ ವಾರ ಮತ್ತೆ ಬಂದ, ಬೋರ್ಡಿನಲ್ಲಿರುವ ಗಡಿಯಾರದ ಮುಳ್ಳು ಸ್ವಲ್ಪ ಉದ್ದವಾಗಬೇಕಂತೆ. ಅದರ ಮುಂದಿನ ವಾರ ಮುಳ್ಳು ಗಿಡ್ಡವಾಗಬೇಕಂತೆ. ಇವನೆಂಥ ತಲೆಹರಟೆ ಗಿರಾಕಿ ಎಂದು ನಾನು ಒಳಗೊಳಗೇ ಬೈದುಕೊಳ್ಳುತ್ತಾ ಮುಳ್ಳು ಕತ್ತರಿಸಿದೆ. ಬೀದಿಗೆಲ್ಲ ಅರ್ಥವಾಗಿತ್ತು. ನಾನು ಮುಳ್ಳಿನ ಅಳತೆ ನೋಡುತ್ತಾ ಕೂತಿದ್ದೆ.

ಅತ್ತಿಗೆ ಅವನನ್ನು ಮದುವೆಯಾಗಿ ಅವನ ಊರಿಗೆ ಹೋದರು. ಹೋಗುವಾಗ ನನ್ನ ಹೆಂಡತಿಯನ್ನು ತಬ್ಬಿಕೊಂಡರು. ನಾನು ಕಟರ್‌ನ ಬ್ಲೇಡು ಬದಲಾಯಿಸುತ್ತಿದ್ದೆ, ತಲೆ ಎತ್ತಲಿಲ್ಲ. "ಕೆಂಡಪ್ಪ, ಬರ್ತೀನಿ," ಎಂದರು. "ಹೂಂ," ಎಂದೆ.

ಅವರು ಕೂರುತ್ತಿದ್ದ ಸ್ಟೂಲಿನ ಒಂದು ಕಾಲು ಗಿಡ್ಡ. ಅದರಡಿಗೆ ರಟ್ಟು ಮಡಿಸಿ ಇಟ್ಟಿದ್ದರು. ಆ ಸ್ಟೂಲಿನಲ್ಲಿ ನನ್ನ ಹೆಂಡತಿ ಕೂತು ಕೆಲಸ ಕಲಿತಳು. ಸ್ಟೂಲು ಕುಂಟಲಿಲ್ಲ, ಕೆಲಸವೂ ಕುಂಟಲಿಲ್ಲ. ಆದರೂ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ನಾನು ಬಾಗಿಲ ಕಡೆ ನೋಡುತ್ತಿದ್ದೆ. ಅತ್ತಿಗೆ ಕೈ ತೊಳೆಯಲು ಹೊರಗೆ ಹೋಗಿದ್ದಾರೆ, ಈಗ ಒರೆಸಿಕೊಳ್ಳುತ್ತಾ ಬರುತ್ತಾರೆ ಅನ್ನುವ ಹಾಗೆ. ಹೆಂಡತಿ ನೋಡಿ ನೋಡಿ ಒಂದು ದಿನ, "ಫೋನ್ ಮಾಡ್ರೀ ಅಕ್ಕಂಗೆ," ಎಂದಳು.

"ಅವ್ರು ಮಾಡ್ಲಿ."

"ಅವ್ರು ಮಾಡಿದ್ರೆ ನೀವು ಎತ್ತಲ್ಲ."

"ಕೆಲ್ಸ ಇದ್ದಾಗ ಮಾಡಿದ್ರೆ ಹೇಗೆ ಎತ್ತೋದು?"

ಹೀಗಿರುವಾಗ ರಸ್ತೆ ಅಗೆಯುವವರು ಬಂದರು. ಅವರ ಯಂತ್ರ ಒಂದೇ ಬಾರಿ ಬಾಯಿ ಹಾಕಿ ಬೀದಿಯ ಕರೆಂಟನ್ನೂ ನೆಟ್ಟನ್ನೂ ಕಚ್ಚಿ ತುಂಡು ಮಾಡಿತು. ಬ್ಯಾಟರಿಯ ಡಬ್ಬಿ ಸ್ವಲ್ಪ ಹೊತ್ತು ಕಿರುಚಿ ಸುಮ್ಮನಾಯಿತು. ಮಾರನೆಯ ದಿನ ಕರೆಂಟ್ ಬಂತು, ನೆಟ್ ಬರಲಿಲ್ಲ. ಕಂಪ್ಯೂಟರ್ ಹಾಕಿದೆವು. ಎದ್ದಿತು. ಆದರೆ ಅಕ್ಷರ ಬಿಡಿಸುವ ಪ್ರೋಗ್ರಾಮು ಇಲ್ಲ, ಕಟರ್‌ನ ಪ್ರೋಗ್ರಾಮು ಇಲ್ಲ. ಅಣ್ಣನ ಅಕ್ಷರಗಳ ಕಡತ ಹಾಗೇ ಇದೆ, ತೆರೆಯುವವರಿಲ್ಲ.

ಹೆಂಡತಿ ಪರದೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು. "ಇದಕ್ಕೆ ಏನೇನು ಬೇಕು ಅಂತ ಹೆಸರೆಲ್ಲಾ ಗೊತ್ತಿದೆ ಕಣ್ರೀ. ಹುಡುಕ್ತಾ ಇದೆ. ಸಿಗ್ತಿಲ್ಲ."

ಅತ್ತಿಗೆಯನ್ನು ಕರೆಯಲು ಒಂದು ಕಾರಣ ಸಿಕ್ಕಿತ್ತು. ಫೋನು ಎತ್ತಿಕೊಂಡೆ.

"ಮೆಷಿನ್ ಕೆಟ್ಟಿದೆ. ನೀವು ಮಾಡಿಟ್ಟು ಹೋಗಿದ್ದು," ಎಂದೆ. ಹೇಗಿದ್ದೀರಿ ಎಂದು ಕೇಳಬೇಕೆಂದೇ ಬಾಯಿ ತೆರೆದದ್ದು.

ಅತ್ತಿಗೆ ಸಿಟ್ಟಾಗಲಿಲ್ಲ. ಯಾವುದಿದೆ, ಯಾವುದಿಲ್ಲ ಎಂದು ಒಂದೊಂದೇ ಕೇಳಿದರು. ಆಮೇಲೆ ಆ ಕಡೆಯಿಂದ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. "ಅಯ್ಯೋ, ತಪ್ಪು ನಂದೇ ಕಣೋ! ಮೊದ್ಲು ಪ್ರೋಗ್ರಾಮು ಹಾಕ್ಕೊಂಡು, ಆಮೇಲಲ್ವಾ ಉಗ್ರಾಣ ಮಾಡಿದ್ದು? ಆಮೇಲೆ ಬಂದಿದ್ದಷ್ಟೇ ಅದರೊಳಗೆ ಬಿದ್ದಿರೋದು. ಮುಂಚಿಂದ ಇದ್ದು ಹೊಸದು ಬರ್ದೇ ಇದ್ದಿದ್ದು ಮೆಮೊರಿಯಲ್ಲೇ ಓಡ್ತಾ ಇತ್ತು, ಉಳಿಸ್ಕೋ ಅಂದಾಗ ಅದರ ಹೆಸರಷ್ಟೇ ಉಳಿದಿದ್ದು. ಒಂದ್ಸಲ ಆರಿಸಿ ಹಾಕಿದ್ರೂ ಗೊತ್ತಾಗೋದು. ನಾವು ಆರಿಸ್ಲೇ ಇಲ್ಲ ನೋಡು!"

"ಅದೆಲ್ಲ ನಂಗೊತ್ತಿಲ್ಲ. ಬನ್ನಿ."

"ನೆಟ್ ಬರ್ಲಿ, ಫೋನಲ್ಲೇ ಹೇಳ್ಕೊಡ್ತೀನಿ."

"ಆಗಲ್ಲ! ವ್ಯಾನಿನವನು ಅಕ್ಷರ ಬೇಕು ಅಂತ ಬಾಗಿಲಲ್ಲಿ ಕೂತಿದಾನೆ, ಏಳಲ್ಲ ಅಂತಿದಾನೆ!"

ವ್ಯಾನಿನವನು ಆಗಲೇ ಬೈದುಕೊಂಡು ಕ್ಷೌರಕ್ಕೆ ಹೋಗಿದ್ದ. ಅತ್ತಿಗೆ, ನಾಳೆ ಬರ್ತೀನಿ ಎಂದು ಫೋನು ಇಟ್ಟ ಮೇಲೆ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನನ್ನನ್ನೇ ನೋಡಿದಳು. "ಅಕ್ಕನ್ನ ಕರೆಯೋಕೆ ಮೆಷಿನ್ ಕೆಡ್ಬೇಕಿತ್ತಾ? ಬಾಯಿರ್ಲಿಲ್ವಾ?"

ಮರುದಿನ ಬೆಳಿಗ್ಗೆ ನಾನು ಅಂಗಡಿ ಗುಡಿಸಿದೆ. ಸ್ಟೂಲು ಒರೆಸಿದೆ, ರಟ್ಟು ಸರಿಮಾಡಿದೆ. ಹೆಂಡತಿಗೆ ಮಧ್ಯಾಹ್ನದ ಅಡುಗೆ ಹೆಚ್ಚಿಗೆ ಮಾಡಲು ಹೇಳಿದೆ. ಸಂಜೆಯವರೆಗೆ ಕೆಲಸವಾದರೆ ರಾತ್ರಿ ಉಳಿಯುತ್ತಾರೆ, ಉಳಿದರೆ ಇನ್ನೊಂದು ದಿನ ಇರಿ ಅನ್ನಬಹುದು, ವಾರಕ್ಕೊಮ್ಮೆ ಬಂದು ನೋಡಿ ಹೋಗಿ ಅನ್ನಬಹುದು. ಹೀಗೆ ಒಂದರ ಮೇಲೊಂದು ಪೇರಿಸಿಕೊಂಡು ಕಾದೆ.

ರಾತ್ರಿ ಬಸ್ಸು ಹಿಡಿದು ಅತ್ತಿಗೆ ಬೆಳಿಗ್ಗೆಯೇ ಬಂದರು, ಸ್ವಲ್ಪ ದಪ್ಪಗಾಗಿದ್ದರು. ಹಿಂದೆ ಅವರ ಚೀಲ ಹಿಡಿದುಕೊಂಡು ಗಡಿಯಾರದವನು. ಅವನು ಬೀದಿಯಲ್ಲೇ ನಿಂತ. ನಾನು ಒಳಗೆ ಕರೆಯಲಿಲ್ಲ.

"ಇವ್ರು ಒಳಗೆ ಬರ್ಬೇಕಲ್ಲ ಕೆಂಡಪ್ಪ," ಎಂದರು ಅತ್ತಿಗೆ. "ನೆಟ್ಟಿರೋದು ಇವ್ರ ಫೋನಲ್ಲಿ."

ನಮ್ಮ ಮನೆಯ ಫೋನುಗಳು ಮಾತಾಡಲಿಕ್ಕೆ ಮಾತ್ರ. ಏನು ಮಾಡುವುದು? "ಬನ್ನಿ," ಎಂದೆ, ಗೋಡೆಯ ಕಡೆ ತಿರುಗಿಕೊಂಡು. ಅವನು ಸದ್ದಿಲ್ಲದೆ ಬಂದು ಫೋನನ್ನು ಬಣ್ಣದ ಡಬ್ಬಿಯ ಮೇಲಿಟ್ಟು, ತಾನು ಬಾಗಿಲ ಪಕ್ಕದಲ್ಲಿ ಕೈಕಟ್ಟಿ ನಿಂತ.

ಅತ್ತಿಗೆ ಸ್ಟೂಲಿನಲ್ಲಿ ಕೂತರು. ಆ ಬೆನ್ನು ನೋಡಿದ ಕೂಡಲೇ ಅಂಗಡಿ ಅಂಗಡಿಯಂತಾಯಿತು. ನನ್ನ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಹೆಸರಿದ್ದೂ ವಸ್ತುವಿಲ್ಲದ ಪ್ಯಾಕೇಜುಗಳನ್ನೆಲ್ಲ ಉಗ್ರಾಣಕ್ಕೆ ಇಳಿಸಿದರು. ಇಳಿಯುವವರೆಗೆ ಇಬ್ಬರೂ ಹರಟೆ ಹೊಡೆದರು.

"ನಿಮ್ಮನೇಲಿ ಗಡಿಯಾರ ಎಲ್ಲಾ ಒಂದೇ ಟೈಮ್ ತೋರಿಸ್ತಾವಾ ಅಕ್ಕ?" ಎಂದು ಇವಳು ಕೇಳಿದಳು.

"ಒಂದೂ ಇಲ್ಲ ಕಣೇ. ರಿಪೇರಿಗೆ ಬಂದಿರೋದೇ ತುಂಬಿದೆ. ಟೈಮ್ ಬೇಕಾದ್ರೆ ಪಕ್ಕದ ಮನೆಯವ್ರನ್ನ ಕೇಳ್ಬೇಕು."

ಬಾಗಿಲ ಪಕ್ಕದಿಂದ ಒಂದು ಮೆಲ್ಲನೆಯ ನಗು ಬಂತು. ನನಗೂ ಬರುತ್ತಿತ್ತು, ತಡೆದುಕೊಂಡೆ.

ಆಮೇಲೆ ಅತ್ತಿಗೆ ಅಪ್‌ಗ್ರೇಡ್ ಮಾಡಿದರು. ಹಳತನ್ನು ಗುಡಿಸಿದರು. ಉಳಿಸಿಕೋ ಎಂದು ಬರೆಸಿದರು, ನನ್ನ ಹೆಂಡತಿಯ ಕೈಯಿಂದಲೇ. ಮಧ್ಯಾಹ್ನದ ಊಟದ ಹೊತ್ತೂ ಆಗಿರಲಿಲ್ಲ.

"ಈಗ ಮಾಡ್ದೆ ಇದ್ದಿದ್ದನ್ನ ಮಾಡೋಣ," ಎಂದು ಎದ್ದು, ಡಬ್ಬಿಯ ಮೇಲಿದ್ದ ಫೋನನ್ನು ಗಂಡನ ಕೈಗೆ ಕೊಟ್ಟು, "ಇದನ್ನ ಆರ್ಸಿ," ಎಂದರು. ಬಗ್ಗಿ ಕಂಪ್ಯೂಟರಿನ ಪ್ಲಗ್ಗು ಕಿತ್ತರು. ಪರದೆ ಕಪ್ಪಾಯಿತು. ಮತ್ತೆ ಚುಚ್ಚಿದರು.

ನಾವೆಲ್ಲ ನಿಂತು ನೋಡಿದೆವು. ಸಾಲು ಸಾಲು ಬರಹ ಮೇಲೆ ಹತ್ತಿತು. ಒಂದಾದರೂ ಬರದಿರಲಿ ಎಂದು ನಾನು ಹಾರೈಸಿದೆ. ಯಾವುದಾದರೂ ಒಂದು. ಎಲ್ಲಾ ಬಂತು. ಅಣ್ಣನ ಅಕ್ಷರ ಪರದೆಯ ತುಂಬ ಬಾಲ ಎತ್ತಿಕೊಂಡು ನಿಂತಿತು. ಕಟರ್ ಗುರ್ ಎಂದಿತು.

"ನೋಡು ಕೆಂಡಪ್ಪ! ನೆಟ್ ಇಲ್ಲ, ಏನಿಲ್ಲ. ಇನ್ಮೇಲೆ ನನ್ನ ಕರೆಯೋ ಕೆಲ್ಸಾನೇ ಇಲ್ಲ."

ಖುಷಿಯಿಂದಲೇ ಹೇಳಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ಕಟರ್‌ನ ಕಡೆಗೆ ಹೋಗಿ ಇಲ್ಲದ ಧೂಳು ಒರೆಸಿದೆ.

"ಊಟ ಮಾಡ್ಕೊಂಡು ಹೋಗ್ತೀವಿ," ಎಂದರು ಅತ್ತಿಗೆ. "ಇವ್ರು ಅಂಗಡಿ ಮುಚ್ಚಿ ಬಂದಿದಾರೆ, ಸಂಜೆ ಬಸ್ಸಿಗೆ ಹೋಗ್ಲೇಬೇಕು. ಕೂಲಿ ಕೊಡಲ್ವಾ ನಂಗೆ?"

"ಕೇಳಿ."

"ನಮ್ಮನೆ ಬಾಗಿಲಿಗೊಂದು ಬೋರ್ಡು. ಚಿಕ್ಕದು. ಇಬ್ಬರ ಹೆಸ್ರೂ ಇರ್ಲಿ. ಮೆಷಿನ್ನಿಂದು ಬೇಡ, ಕೈಯಲ್ಲಿ ಬರ್ಕೊಡು. ನಿಮ್ಮಣ್ಣನ ಥರ ಬರೆಯೋಕೆ ಈಗ ನಿನ್ನ ಬಿಟ್ರೆ ಯಾರಿದಾರೆ?"

ಗಡಿಯಾರದವನು ನೆಲ ನೋಡಿದ. ನಾನು ಬೇಡ ಅನ್ನಬೇಕಿತ್ತು, ಆಗಲ್ಲ ಅನ್ನಬೇಕಿತ್ತು. "ಆಯ್ತು," ಎಂದುಬಿಟ್ಟೆ. ಅತ್ತಿಗೆ ಏನು ಕೇಳಿದರೂ ನನ್ನ ಬಾಯಿಂದ ಬರುವುದು ಅದೊಂದೇ ಮಾತು.

ಅದಾದ ಮೇಲೆ ಕಂಪ್ಯೂಟರ್ ಒಮ್ಮೆಯೂ ಕೈಕೊಟ್ಟಿಲ್ಲ. ಶನಿವಾರ ಸಂಜೆ ನನ್ನ ಹೆಂಡತಿ ಅಪ್‌ಗ್ರೇಡಿಗೆ ಕೂರುತ್ತಾಳೆ. ತರಿಸುತ್ತಾಳೆ, ಗುಡಿಸುತ್ತಾಳೆ, ಉಳಿಸುತ್ತಾಳೆ. ಕೆಲವು ಸಲ ಗಾಳಿಗೆ ನೆಟ್ ಹೋದಾಗ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ನಾನು ಸ್ವಿಚ್ ಆರಿಸಿ ಹಾಕಿ ನೋಡುತ್ತೇನೆ. ಸಾಲು ಸಾಲು ಬರಹ ಮೇಲೆ ಹತ್ತುತ್ತದೆ. ಹಾಳಾದ್ದು, ಒಂದೂ ತಪ್ಪುವುದಿಲ್ಲ.

ಈಗ ಅತ್ತಿಗೆಯ ಫೋನು ಬಂದರೆ ಎತ್ತುತ್ತೇನೆ. ತಿಂಗಳಿಗೊಮ್ಮೆಯಾದರೂ ಬರುತ್ತದೆ.

"ಬೋರ್ಡು ಎಲ್ಲಿಗೆ ಬಂತೋ ಕೆಂಡಪ್ಪ?"

"ಬಣ್ಣ ಒಣಗ್ತಾ ಇದೆ ಅತ್ತಿಗೆ."

"ಅದ್ಯಾವ ಬಣ್ಣವೋ ಮಾರಾಯ! ಒಂದು ಮಳೆಗಾಲ ಹೋಯ್ತು, ಬೇಸಿಗೆ ಮುಗೀತಾ ಬಂತು."

"ಒಳ್ಳೆ ಬಣ್ಣ. ನಿಧಾನ."

ಅವರು ನಗುತ್ತಾರೆ. ಊಟ ಆಯಿತಾ ಎಂದು ಕೇಳುತ್ತಾರೆ, ಇವಳ ಸೊಂಟನೋವು ವಿಚಾರಿಸುತ್ತಾರೆ, ಬೀಗದವನು ಇನ್ನೂ ಬದುಕಿದ್ದಾನಾ ಅನ್ನುತ್ತಾರೆ. ಒಮ್ಮೊಮ್ಮೆ ಬಹಳ ಹೊತ್ತು ಮಾತಾಡುತ್ತೇವೆ.

ಬೋರ್ಡು ಕಟರ್‌ನ ಹಿಂದೆ ಗೋಡೆಗೆ ಮುಖಮಾಡಿ ನಿಂತಿದೆ. ತೇಗದ ಹಲಗೆ, ನಾನೇ ತೀಡಿದ್ದು. ಅತ್ತಿಗೆಯ ಹೆಸರು ಬರೆದಾಗಿದೆ. ಅಣ್ಣ ಬರೆದಿದ್ದರೂ ಅದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ. ಅದರ ಕೆಳಗೆ ಇನ್ನೊಂದು ಹೆಸರಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ, ಅಳಿಸಿದ್ದೇನೆ, ಮತ್ತೆ ಎಳೆದಿದ್ದೇನೆ. ಬ್ರಶ್ಶನ್ನು ಬಣ್ಣಕ್ಕೆ ಅದ್ದಿ ಅಲ್ಲಿಯವರೆಗೆ ತರುತ್ತೇನೆ. ಅಷ್ಟರಲ್ಲಿ ಯಾರೋ ಗಿರಾಕಿ ಬರುತ್ತಾರೆ, ಬಾರದಿದ್ದರೆ ನಾನೇ ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತೇನೆ.

ಕೂಲಿ ಕೇಳಿದವರು ಬಿಟ್ಟಿಲ್ಲ, ಕೊಡಬೇಕಾದವನು ಕೊಟ್ಟಿಲ್ಲ.